ಮತ್ತಿ ಆರು, ನಂದಿ ನಾಲ್ಕು, ಹೊನ್ನೆ ಎರಡು

ಪ್ರೇಮಕಥೆ ಬರೆಯುವವನನ್ನು ಜನ ಸುಮ್ಮನೆ ಬಿಡುವುದಿಲ್ಲ. ಪತ್ತೇದಾರಿ ಕಾದಂಬರಿ ಬರೆಯುವವನ ಮನೆಗೆ, ಕಳುವಾದ ಚೊಂಬು ಹುಡುಕಿಕೊಡಿ ಎಂದು ಯಾರೂ ಬರುವುದಿಲ್ಲ. ನನ್ನ ಬಳಿಗೆ ಮಾತ್ರ ಯಾರಾದರೊಬ್ಬರು ಬರುತ್ತಲೇ ಇದ್ದರು, ಏನಾದರೊಂದು ಆಗುತ್ತಲೇ ಇತ್ತು.

ಅರವತ್ತರ ದಶಕದಲ್ಲಿ ನಾನು ಸಾಗರದ ಒಂದು ನಾಟಾ ಡಿಪೊದಲ್ಲಿ ಗುಮಾಸ್ತನಾಗಿದ್ದೆ. ಕಾಡಿನಿಂದ ಬಂದ ದಿಮ್ಮಿಗಳನ್ನು ಅಳೆಸಿ ಪಟ್ಟಿ ಮಾಡುವುದು ಸಂಬಳದ ಕೆಲಸ. ಬೆಂಗಳೂರಿನ ಒಂದು ವಾರಪತ್ರಿಕೆಗೆ ಪ್ರೇಮದ ಧಾರಾವಾಹಿ ಬರೆಯುವುದು ಸಂಬಳವಿಲ್ಲದ ಕೆಲಸ. ಎರಡನ್ನೂ ಒಂದೇ ಪೆನ್ನಿನಿಂದ ಮಾಡುತ್ತಿದ್ದೆ. ಮುಂದೆ ಆದದ್ದಕ್ಕೆಲ್ಲ ಅದೇ ಕಾರಣ.

೧. ಎರಡೂ ಕಡೆಯ ಮಾತು

ಮನೆಯಲ್ಲಿ ನನಗೆ ಬರೆಯಲು ಆಗುತ್ತಿರಲಿಲ್ಲ. ಒಮ್ಮೆ ನನ್ನ ಹೆಂಡತಿ ಕಿಟಕಿಯ ಬಳಿ ಮೇಜು ಹಾಕಿ, ಹೂಜಿಯಲ್ಲಿ ನೀರಿಟ್ಟು, ಮಕ್ಕಳನ್ನು ಹೊರಗೆ ಕಳಿಸಿ ಅನುಕೂಲ ಮಾಡಿಕೊಟ್ಟಳು. ಒಂದು ಗಂಟೆ ಕೂತು, ತಿಂಗಳ ಸಾಮಾನಿನ ಚೀಟಿ ಬರೆದು ಎದ್ದೆ. ಅದು ಚೆನ್ನಾಗಿಯೇ ಬಂದಿತ್ತು.

ನನಗೆ ಬೇಕಾಗಿದ್ದದ್ದು ಡಿಪೊದ ಹಿಂದಿನ ಮೂಲೆ, ಊಟದ ಬಿಡುವು, ಕೂರಲು ಒಂದು ಮತ್ತಿಯ ದಿಮ್ಮಿ. ಕಾಗದವೆಂದರೆ ರದ್ದಾದ ಪಟ್ಟಿಗಳ ಹಿಂಬದಿ. ಹೊಸ ಬಿಳಿ ಹಾಳೆ ಕಂಡರೆ ಕೈ ನಿಂತುಬಿಡುತ್ತಿತ್ತು. ಒಂದು ಬದಿಯಲ್ಲಿ ಆಗಲೇ ಏನಾದರೂ ಬರೆದಿದ್ದರೆ ಇನ್ನೊಂದು ಬದಿಗೆ ಧೈರ್ಯ. ಸಂಭಾಷಣೆಯನ್ನು ಮೊದಲು ಬಾಯಲ್ಲಿ ಹೇಳಿ, ಕಿವಿಗೆ ಒಪ್ಪಿದರೆ ಬರೆದುಕೊಳ್ಳುವುದು. ಊರಲ್ಲಿ ನಾನು ಮಾತೇ ಆಡದವನೆಂದು ಹೆಸರಾಗಿದ್ದೆ. ದಿಮ್ಮಿಯ ಮೇಲೆ ಕೂತಾಗ ಮಾತ್ರ ಬಾಯಿ ಬರುತ್ತಿತ್ತು.

ಡಿಪೊದ ವಾಚರ್ ಇದನ್ನು ಒಂದು ವಾರ ನೋಡಿ, ಹೋಗಿ ರೇಂಜರ್ ಸಾಹೇಬರಿಗೆ ಹೇಳಿದ. ಗುಮಾಸ್ತರು ಮಧ್ಯಾಹ್ನ ಮರದ ಹತ್ತಿರ ಮಾತಾಡುತ್ತಾರೆ, 'ನೀನಿಲ್ಲದೆ ನಾನು ಹೇಗಿರಲಿ' ಅಂತೆಲ್ಲ ಹೇಳುತ್ತಾರೆ ಎಂದು. ಸಾಹೇಬರು ಒಳ್ಳೆಯವರು. ನನಗೆ ರಜೆ ಬೇಕಾಗಬಹುದು ಎಂದು ಅವರಿಗೆ ಅನ್ನಿಸಿತು. ಆದರೂ ವಿಚಾರಿಸಬೇಕಲ್ಲ.

"ಮರ ಏನಾದ್ರೂ ತಿರುಗಿ ಹೇಳುತ್ತಾ?" ಎಂದು ಕೇಳಿದರಂತೆ.

"ಇಲ್ಲ ಸಾರ್" ಎಂದನಂತೆ ವಾಚರ್. "ಮರದ ಮಾತೂ ಅವರೇ ಆಡ್ತಾರೆ."

೨. ಮೇಳಿಗೆಯಿಂದ ಬಂದವರು

ಆ ವರ್ಷ ನಡೆಯುತ್ತಿದ್ದ ಧಾರಾವಾಹಿಯ ನಾಯಕಿ ಸುಮತಿ. ನಾಯಕ ಮಾತು ಕಡಿಮೆಯ ಹುಡುಗ. ನನ್ನ ನಾಯಕರೆಲ್ಲ ಹಾಗೆಯೇ. ಬೇರೆ ಥರದವರನ್ನು ನಾನು ಹತ್ತಿರದಿಂದ ಕಂಡವನಲ್ಲ. ಈತ ಹನ್ನೊಂದು ವಾರಗಳಿಂದ ಸುಮತಿಯ ಮನೆಗೆ ಬರುವುದು, ಜಗಲಿಯಲ್ಲಿ ಕೂರುವುದು, ಕಾಫಿ ಕುಡಿದು ಏಳುವುದು, ಇಷ್ಟನ್ನೇ ಮಾಡಿಕೊಂಡಿದ್ದ.

ಒಂದು ದಿನ ಐವತ್ತರ ಆಸುಪಾಸಿನ ಒಬ್ಬರು ಕೋಟು ಹಾಕಿಕೊಂಡು ಡಿಪೊಗೆ ಬಂದರು. ತೀರ್ಥಹಳ್ಳಿಯ ಹತ್ತಿರ ಮೇಳಿಗೆಯವರಂತೆ, ಬಸ್ಸಿನಲ್ಲಿ ಬಂದಿದ್ದರು. ಯಾವ ಮರ ಬೇಕು ಎಂದು ಕೇಳಿದೆ.

"ಮರ ಎಂತಕ್ಕೆ? ನಿಮ್ಮ ಕಥೆ ಇನ್ನೆಷ್ಟು ವಾರ ಉಂಟು, ಅದನ್ನ ಹೇಳಿ ಮಾರಾಯ್ರೆ" ಎಂದರು.

ಕೂರಿಸಿ ವಿಚಾರಿಸಿದೆ. ಅವರ ಮಗಳನ್ನು ನೋಡಲು ಹೊಸನಗರದಿಂದ ಒಬ್ಬ ಹುಡುಗ ಬಂದಿದ್ದನಂತೆ. ಹಿಟ್ಟಿನ ಗಿರಣಿ ಇಟ್ಟಿದ್ದಾನೆ, ಗಿರಣಿಯ ಹಿಂದಿನ ಒಂದು ಕೋಣೆಯಲ್ಲಿ ಇರುತ್ತಾನೆ, ಒಳ್ಳೆಯವನು, ಚಟ ಇಲ್ಲ. ಆದರೆ ಬಂದವನು ಎದ್ದು ಹೋಗುವವರೆಗೆ ಬಾಯಿ ಬಿಟ್ಟದ್ದು ಕಾಫಿ ಕುಡಿಯಲು ಮಾತ್ರ. ಮಗಳು ಒಪ್ಪಿಗೆ ಎನ್ನಲಿಲ್ಲ, ಬೇಡ ಎನ್ನಲೂ ಇಲ್ಲ. ಧಾರಾವಾಹಿಯಲ್ಲಿ ಇಂಥವನೇ ಒಬ್ಬ ಇದ್ದಾನೆ, ಅವನ ಒಳಗೆ ಏನಿದೆ ಎಂದು ಗೊತ್ತಾದ ಮೇಲೆ ಹೇಳುತ್ತೇನೆ ಎಂದಳಂತೆ. ಹುಡುಗನ ಕಡೆಯವರು ದೀಪಾವಳಿಯವರೆಗೆ ಕಾಯುತ್ತಾರೆ, ಆಮೇಲೆ ಬೇರೆ ಕಡೆ ನೋಡುತ್ತಾರೆ.

"ನನ್ನ ಮಗಳು ಓದೋದು ಬಿಡಲ್ಲ, ನಿಮ್ಮ ಹುಡುಗ ಬಾಯಿ ಬಿಡಲ್ಲ. ನಾನೆಂತ ಮಾಡ್ಲಿ ಹೇಳಿ? ಅವನ ಒಳಗೆ ಎಂತ ಇದೆ?"

ನನಗೂ ಇನ್ನೂ ಗೊತ್ತಾಗಿಲ್ಲ ಎಂದು ನಿಜ ಹೇಳಿದೆ. ಬಾಗಿಲು ಯಾವ ಕಡೆ ಬರುತ್ತದೆಂದು ನನಗೂ ತಿಳಿಯದು ಎನ್ನುವ ಬಡಗಿಯನ್ನು ನೋಡುವ ಹಾಗೆ ನನ್ನನ್ನು ನೋಡಿದರು. ಪಾಪ ಎನ್ನಿಸಿ, ಮೂರು ವಾರದೊಳಗೆ ಅವನ ಬಾಯಿ ಬಿಡಿಸುತ್ತೇನೆ ಎಂದು ಮಾತು ಕೊಟ್ಟೆ.

ಗೇಟಿನವರೆಗೆ ಹೋದವರು ಮತ್ತೆ ಹಿಂದಕ್ಕೆ ಬಂದರು. "ಒಂದು ವೇಳೆ ಒಳಗೆ ಎಂತದೂ ಇಲ್ಲ ಅಂತಾದ್ರೆ, ಅದನ್ನೂ ಬೇಗ ಬರೆದುಬಿಡಿ" ಎಂದು ಹೇಳಿ ಹೋದರು.

೩. ಉಪ್ಪಿಟ್ಟು

ಮಾತು ಕೊಟ್ಟದ್ದೇನೋ ಆಯಿತು, ಹುಡುಗ ಏನು ಹೇಳಬೇಕು? ಮತ್ತಿಯ ದಿಮ್ಮಿಯ ಮೇಲೆ ಒಂದು ವಾರ ಕೂತೆ. ಹೇಳಿಸಿದ್ದೆಲ್ಲ ನಾಟಕದ ಮಾತಿನ ಹಾಗೆ ಕೇಳುತ್ತಿತ್ತು. ಕೊನೆಗೆ ಹೆಂಡತಿಯನ್ನೇ ಕೇಳಿದೆ, ನಿನ್ನನ್ನು ನೋಡಲು ಬಂದ ದಿನ ನಾನು ಏನು ಹೇಳಿದೆ ಎಂದು.

ಅವಳು ಅಕ್ಕಿ ಆರಿಸುತ್ತಿದ್ದವಳು ತಲೆ ಎತ್ತಲಿಲ್ಲ. "ಒಂದೇ ಮಾತು. 'ಉಪ್ಪಿಟ್ಟಿಗೆ ಉಪ್ಪು ಸರಿಯಿದೆ' ಅಂದ್ರಿ."

ನನಗೆ ನಾಚಿಕೆಯಾಯಿತು. ಅಷ್ಟು ಕೇಳಿ ನೀನು ಹೇಗೆ ಒಪ್ಪಿದೆ ಎಂದೆ.

"ಅವತ್ತು ನಮ್ಮ ಚಿಕ್ಕಮ್ಮ ಗಡಿಬಿಡಿಯಲ್ಲಿ ಉಪ್ಪೇ ಹಾಕಿರಲಿಲ್ಲ" ಎಂದಳು. "ನಿಮ್ಮ ಜೊತೆ ಬಂದವರೆಲ್ಲ ಮುಖ ಮುಖ ನೋಡ್ಕೊಂಡ್ರು. ನೀವೊಬ್ಬರು ಪೂರ್ತಿ ತಿಂದು ಹಾಗಂದ್ರಿ. ಅದಕ್ಕೇ ಒಪ್ಪಿದ್ದು."

ಹದಿನೆಂಟು ವರ್ಷ ನಾನು ಆ ಉಪ್ಪಿಟ್ಟಿಗೆ ಉಪ್ಪು ಇತ್ತೆಂದೇ ನಂಬಿದ್ದೆ. ಹೆಂಡತಿಗೆ ಈ ವಿಷಯ ನಾನು ಇಂದಿಗೂ ಹೇಳಿಲ್ಲ.

೪. ಹಾಳೆಯ ಹಿಂಬದಿ

ಅಂತೂ ಬರೆದೆ. ಒಂದು ಹಾಳೆಯ ಕೊನೆಯಲ್ಲಿ, 'ಅವನು ಮೊದಲ ಬಾರಿಗೆ ತಲೆಯೆತ್ತಿ ಅವಳನ್ನು ನೋಡಿದ. ನಿಧಾನವಾಗಿ ಹೇಳಿದ' ಎಂದು ನಿಲ್ಲಿಸಿ, ಅವನು ಹೇಳಿದ್ದಕ್ಕೆಂದೇ ಮುಂದಿನ ಹಾಳೆ ಪೂರ್ತಿ ಕೊಟ್ಟೆ. ನಾನು ಬರೆದುದರಲ್ಲೆಲ್ಲ ಒಳ್ಳೆಯ ಪುಟ ಅದು. ಓದಿದವರು ಮಾತ್ರ ಯಾರೂ ಇಲ್ಲ.

ವಾರಪತ್ರಿಕೆಯ ಕಟ್ಟು ನಮ್ಮೂರಿಗೆ ರೈಲಿನಲ್ಲಿ ಬರುತ್ತಿತ್ತು. ಆ ವಾರ ಅದು ಸಾಗರದಲ್ಲಿ ಇಳಿಯದೆ ತಾಳಗುಪ್ಪಕ್ಕೆ ಹೋಗಿ ಮರುದಿನ ಹಿಂದಿರುಗಿತು. ಬಿಡಿಸಿ ಓದಿದೆ. ಅವನು ತಲೆಯೆತ್ತಿ ಅವಳನ್ನು ನೋಡಿದ. ನಿಧಾನವಾಗಿ ಹೇಳಿದ:

'ಮತ್ತಿ ಆರು. ನಂದಿ ನಾಲ್ಕು. ಹೊನ್ನೆ ಎರಡು. ಉದ್ದ ಇಪ್ಪತ್ತೆರಡು ಅಡಿ, ಸುತ್ತು ಆರು ಅಡಿ. ಎಲ್ಲವೂ ಗಟ್ಟಿ. ಬಿರುಕಿಲ್ಲ, ಪೊಳ್ಳಿಲ್ಲ.'

ಅದರ ಕೆಳಗೆ ನನ್ನ ಮೂರನೆಯ ಹಾಳೆ ಇದ್ದ ಹಾಗೇ ಮುಂದುವರಿದಿತ್ತು: 'ಸುಮತಿಯ ಕಣ್ಣು ತುಂಬಿ ಬಂತು. ಇದನ್ನು ಹೇಳಲು ಇಷ್ಟು ದಿನ ಬೇಕಾಯಿತೇ ಎಂದಳು.'

ನಿಟ್ಟೂರಿನ ಕಡೆಯ ರಸ್ತೆಯಲ್ಲಿ ಒಂದು ಹಳ್ಳಕ್ಕೆ ಮರದ ಸೇತುವೆ ಹಾಕುವುದಿತ್ತು. ಅದಕ್ಕೆ ಕಳಿಸುವ ದಿಮ್ಮಿಗಳ ಪಟ್ಟಿಯ ಕರಡು ಪ್ರತಿ, ನಾಯಕನ ಮಾತು ಬರೆದ ಹಾಳೆಯ ಇನ್ನೊಂದು ಬದಿಯಲ್ಲಿತ್ತು. ಅಕ್ಷರ ನನ್ನದೇ, ಶಾಯಿ ಅದೇ. ಮುದ್ರಣಾಲಯದಲ್ಲಿ ಅಚ್ಚಿನ ಮೊಳೆ ಜೋಡಿಸುವವನಿಗೆ ಯಾವ ಬದಿ ಕಥೆಯೆಂದು ಹೇಗೆ ತಿಳಿಯಬೇಕು? ಅವನು ಚಿಕ್ಕದಾಗಿದ್ದ ಬದಿಯನ್ನು ಆರಿಸಿಕೊಂಡಿದ್ದ.

ಅಂದೇ ಸಂಪಾದಕರಿಗೆ ಕಾಗದ ಹಾಕಿದೆ, ದಯವಿಟ್ಟು ತಿದ್ದುಪಡಿ ಪ್ರಕಟಿಸಬೇಕೆಂದು. ಉತ್ತರ ಬೇಗ ಬಂತು. ತಪ್ಪು ನಮ್ಮದೇ ಎಂದು ಒಪ್ಪಿಕೊಂಡಿದ್ದರು. ಆದರೆ ಓದುಗರಿಂದ ಬಂದ ಪತ್ರಗಳಲ್ಲಿ ಒಂದರಲ್ಲೂ ದೂರಿಲ್ಲವಂತೆ. ಚಂದ್ರ, ಹೂವು ಎಂದು ಹೇಳುವವರನ್ನು ಓದಿ ಓದಿ ಸಾಕಾಗಿತ್ತು, ಹೆಂಡತಿಯನ್ನು ಕರೆದುಕೊಂಡು ಹೋಗಿ ಎಲ್ಲಿ ಇಡುತ್ತೇನೆ ಎಂದು ಯೋಚಿಸಿ ಮರ ಕೂಡಿಸಿಟ್ಟ ನಾಯಕ ಇವನೊಬ್ಬನೇ ಎಂದು ಒಬ್ಬಾಕೆ ನಾಲ್ಕು ಪುಟ ಬರೆದಿದ್ದರಂತೆ.

ಕೊನೆಯಲ್ಲಿ ಸಂಪಾದಕರು ಹೀಗೆ ಬರೆದಿದ್ದರು: 'ತಿದ್ದುಪಡಿ ಬೇಡ. ಮುಂದಿನ ವಾರ ಪಾಯ ತೆಗೆಸಿ.'

೫. ಗಿರಣಿಯವರು

ಪಾಯ ತೆಗೆಸಿದೆ. ಗೋಡೆಯೂ ಏಳುತ್ತಿತ್ತು. ಆಗ ಒಂದು ಮಧ್ಯಾಹ್ನ ಹುಬ್ಬಿನ ಮೇಲೆ ಹಿಟ್ಟು ಕೂತಿದ್ದ ಒಬ್ಬ ಯುವಕ ಡಿಪೊಗೆ ಬಂದು ನನ್ನೆದುರು ನಿಂತ. ಕೂರಿ ಎಂದೆ. ಕೂತ. ನಾನು ಮೊದಲು ಮಾತಾಡುವವನಲ್ಲ, ಅವನೂ ಅಲ್ಲ. ಹತ್ತು ನಿಮಿಷ ಹಾಗೇ ಕಳೆಯಿತು. ವಾಚರ್ ಎರಡು ಸಲ ಬಂದು ಇಣುಕಿ ಹೋದ. ಈ ಸಲ ಎದುರಿಗೆ ಮನುಷ್ಯನೇ ಇದ್ದರೂ ನಾನು ಸುಮ್ಮನಿದ್ದದ್ದು ಅವನಿಗೆ ಬಗೆಹರಿಯಲಿಲ್ಲ.

ಕೊನೆಗೆ ಯುವಕ ಚೀಲದಿಂದ ವಾರಪತ್ರಿಕೆ ತೆಗೆದು, ಪುಟ ಬಿಡಿಸಿ, ಬೆರಳಿಟ್ಟು ತೋರಿಸಿದ. "ಇಷ್ಟು ಬೇಕಿತ್ತು."

ಹೊಸನಗರದ ಗಿರಣಿಯವನು ಇವನೇ ಎಂದು ಆಗ ಹೊಳೆಯಿತು. ಮಧ್ಯಸ್ಥರೊಬ್ಬರ ಮೂಲಕ ಮೇಳಿಗೆಯಿಂದ ಸುದ್ದಿ ಹೋಗಿತ್ತಂತೆ: ಕಥೆಯ ಹುಡುಗ ಹೇಳಿದ್ದು ಮಗಳಿಗೆ ಹಿಡಿಸಿದೆ, ನಿಮ್ಮ ಹುಡುಗನಿಗೂ ಹೇಳಲು ಏನಾದರೂ ಇದ್ದರೆ ದೀಪಾವಳಿಯ ಒಳಗೆ ಹೇಳಲಿ. ಇವನು ಹುಡುಗಿಯನ್ನು ಕಂಡ ದಿನವೇ ಒಪ್ಪಿದ್ದವನು. ಹೇಳಲು ಬಾಯಿ ಬಂದಿರಲಿಲ್ಲ, ಅಷ್ಟೇ. ಈಗ ಏನು ಹೇಳಬೇಕೆಂದು ಅಚ್ಚಾಗಿಯೇ ಸಿಕ್ಕಿತ್ತು.

ಸತ್ಯ ಹೇಳಬೇಕಾಗಿದ್ದದ್ದು ಆಗಲೇ. ಆದರೆ ಅದು ಸೇತುವೆಯ ಪಟ್ಟಿ ಎಂದರೆ ಕಥೆಯ ಹುಡುಗ ಮತ್ತೆ ಮೂಕನಾಗುತ್ತಾನೆ, ಅವನ ಹಿಂದೆ ಇವನೂ. ದೀಪಾವಳಿಗೆ ಹನ್ನೆರಡು ದಿನವಿತ್ತು. ಮನೆಗೆ ಇದು ಸ್ವಲ್ಪ ಹೆಚ್ಚಾಗುತ್ತದೆ, ಇಷ್ಟು ದಪ್ಪದ್ದೂ ಬೇಡ ಎಂದಷ್ಟೇ ಹೇಳಿದೆ.

ಅವನು ಯೋಚನೆ ಮಾಡಿದ. "ಕಮ್ಮಿ ಮಾಡಂಗಿಲ್ಲ ಸಾರ್. ಅವರ ಹತ್ರಾನೂ ಒಂದು ಪ್ರತಿ ಇದೆ."

ನಾನು ಮಾತು ಕಡಿಮೆಯವನು ನಿಜ. ಅಂದು ಸುಮ್ಮನಿದ್ದದ್ದು ಮಾತ್ರ ಸ್ವಭಾವದಿಂದಲ್ಲ, ಅಂಜಿಕೆಯಿಂದ.

ಆ ವಾರದ ಹರಾಜಿನಲ್ಲಿ ಅವನು ನಾಟಾ ವ್ಯಾಪಾರಿಗಳ ನಡುವೆ ಪ್ರೇಮದ ಧಾರಾವಾಹಿ ಹಿಡಿದು ನಿಂತು, ಒಂದೊಂದು ದಿಮ್ಮಿ ತನ್ನ ಪಾಲಾದಾಗಲೂ ಪುಟದ ಮೇಲೆ ಪೆನ್ಸಿಲ್ಲಿನಿಂದ ಗುರುತು ಹಾಕಿಕೊಂಡ. ಕೊನೆಯ ಹೊನ್ನೆ ಲಾರಿಗೆ ಏರಿದ ಮೇಲೆ ನನ್ನ ಹತ್ತಿರ ಬಂದ.

"ಪೊಳ್ಳಿಲ್ಲ ಅಲ್ವಾ ಸಾರ್?"

ಇಲ್ಲ, ನಾನೇ ಬಡಿದು ನೋಡಿದ್ದೇನೆ ಎಂದೆ.

"ಹಾಂ. ಅದೂ ಬರೆದಿದೆ" ಎಂದು ಅಲ್ಲಿಗೂ ಒಂದು ಗುರುತು ಹಾಕಿದ.

೬. ಗೃಹಪ್ರವೇಶ

ಮುಂದಿನದನ್ನು ಮೇಳಿಗೆಯ ಯಜಮಾನರೇ ಮದುವೆಗೆ ಕರೆಯಲು ಬಂದಾಗ ಹೇಳಿದರು. ಹಬ್ಬಕ್ಕೆ ನಾಲ್ಕು ದಿನ ಇರುವಾಗ ಹುಡುಗ ಹೇಳದೆ ಕೇಳದೆ ಬಂದನಂತೆ. ಕೂರು ಎಂದರೂ ಕೂರಲಿಲ್ಲ. ಮಗಳು ಬಾಗಿಲಿಗೆ ಬಂದಳು. ಅವನು ತಲೆಯೆತ್ತಿ ಅವಳನ್ನು ನೋಡಿ, "ಮತ್ತಿ ಆರು, ನಂದಿ ನಾಲ್ಕು, ಹೊನ್ನೆ ಎರಡು. ಹೊಸನಗರಕ್ಕೆ ಬಂದು ಬಿದ್ದಿದೆ" ಎಂದ. ಅವಳು ಪೊಳ್ಳು ಗಿಳ್ಳು ಇದೆಯಾ ಎಂದು ಕೇಳಿದಳು. ಇಲ್ಲ ಎಂದ. ಅವಳು ಒಳಗೆ ಹೋಗಿ ಕಾಫಿ ತಂದಳು.

"ನಮ್ಮ ಮನೇಲಿ ಹೆಣ್ಣು ಕೊಡುವ ಮಾತು ಇಷ್ಟು ಬೇಗ ಮುಗಿದಿದ್ದೇ ಇಲ್ಲ ಮಾರಾಯ್ರೆ" ಎಂದರು. "ಬೇರೆಯವರಿಗೆಲ್ಲ ಮೂರು ದಿನ ಬೇಕು."

ಮರುವರ್ಷ ಮನೆ ಮುಗಿದು ಗೃಹಪ್ರವೇಶಕ್ಕೆ ಕರೆ ಬಂತು. ನಾನೂ ಹೆಂಡತಿಯೂ ಬೆಳಗಿನ ಬಸ್ಸಿಗೆ ಹೊಸನಗರಕ್ಕೆ ಹೋದೆವು. ಮನೆ ಸಣ್ಣದು, ಎರಡು ಕೋಣೆ, ಒಂದು ಜಗಲಿ. ಆದರೆ ಅದರ ತೊಲೆ ಕಂಬಗಳನ್ನು ನೋಡಿದರೆ ಮನೆಯನ್ನು ಮರೆತು ಅವನ್ನೇ ನೋಡಬೇಕು. ಒಬ್ಬರ ತೋಳಿಗೆ ಸಿಕ್ಕುವಂಥವಲ್ಲ. ಕಂಬಗಳ ನಡುವೆ ಜಾಗ ಸಾಲದೆ ಬಂದವರು ಒಬ್ಬೊಬ್ಬರಾಗಿ ಓರೆಯಾಗಿ ಒಳಗೆ ಹೋಗುತ್ತಿದ್ದರು.

ಬಡಗಿ ಮುದುಕ ನನ್ನ ಪಕ್ಕದಲ್ಲೇ ಕೂತಿದ್ದ. ನಾನು ಡಿಪೊದವನೆಂದು ತಿಳಿದು, ಎಷ್ಟು ಹೇಳಿದರೂ ಗಿರಣಿಯವರು ಒಂದು ತುಂಡೂ ಸಣ್ಣ ಮಾಡಲು ಬಿಡಲಿಲ್ಲ ಎಂದು ದೂರಿದ. ನಲವತ್ತು ವರ್ಷದಲ್ಲಿ ಇಷ್ಟು ಗಟ್ಟಿ ಕೆಲಸ ಮಾಡಿಲ್ಲ ಎಂದೂ ಸೇರಿಸಿದ.

"ಇದರ ಮೇಲೆ ಲೋಡ್ ಲಾರಿ ಓಡಿಸ್ಬಹುದು ಸ್ವಾಮಿ" ಎಂದ. "ಕೆಳಗೊಂದು ಹಳ್ಳ ಹರಿಯೋದಿಲ್ಲ ಅನ್ನೋದೊಂದೇ ಕೊರತೆ."

ನನ್ನ ಹೆಂಡತಿಗೆ ಪಟ್ಟಿಯ ವಿಷಯ ಗೊತ್ತಿತ್ತು. ಅವಳು ಕಂಬದ ಮರೆಗೆ ಸರಿದಳು. ಮರೆಗೆ ಜಾಗ ಧಾರಾಳವಾಗಿತ್ತು.

ಅಷ್ಟರಲ್ಲಿ ಮೇಳಿಗೆಯವರ ಮಗಳು ಬಾಳೆಲೆಯಲ್ಲಿ ಉಪ್ಪಿಟ್ಟು ತಂದು ನನ್ನ ಕೈಗೆ ಕೊಟ್ಟಳು. ಚೂಪು ಕಣ್ಣಿನ ಹುಡುಗಿ. ಬಡಗಿಯ ಮಾತು ಅವಳ ಕಿವಿಗೂ ಬಿದ್ದಿತ್ತು. ತೊಲೆಯನ್ನು ಒಮ್ಮೆ ನೋಡಿದಳು, ನನ್ನನ್ನು ಒಮ್ಮೆ ನೋಡಿದಳು.

"ಸಾರ್, ಒಂದು ಕೇಳ್ತೀನಿ, ನಿಜ ಹೇಳ್ಬೇಕು. ಆ ಪಟ್ಟಿ ನೀವು ಮನೆಗೆ ಅಂತಲೇ ಬರೆದಿದ್ದಾ?"

ಅವಳ ಹಿಂದೆ ಗಿರಣಿಯವನು ನಿಂತಿದ್ದ. ಅಂದು ಹುಬ್ಬಿನ ಮೇಲೆ ಹಿಟ್ಟಿರಲಿಲ್ಲ. ಒಂದು ಕೈಯನ್ನು ಮತ್ತಿಯ ಕಂಬದ ಮೇಲೆ ಇಟ್ಟುಕೊಂಡು, ತಾನೇ ಹೇಳಬೇಕಾದ ಉತ್ತರವೇನೋ ಎಂಬಂತೆ ನನ್ನ ಬಾಯನ್ನೇ ನೋಡುತ್ತಿದ್ದ. ಎಷ್ಟೋ ನಾಯಕರಿಗೆ ಮಾತು ಬರೆದುಕೊಟ್ಟ ನನಗೆ ಆ ಹೊತ್ತಿಗೆ ಬಂದದ್ದು ಒಂದೇ ಮಾತು.

"ಉಪ್ಪಿಟ್ಟಿಗೆ ಉಪ್ಪು ಸರಿಯಿದೆಯಮ್ಮ" ಎಂದೆ.

ಕಂಬದ ಹಿಂದಿನಿಂದ ನನ್ನ ಹೆಂಡತಿ ನಕ್ಕ ಸದ್ದು ಕೇಳಿತು.

ಹುಡುಗಿ ನನ್ನ ಕೈಯಲ್ಲಿದ್ದ ಎಲೆಯನ್ನು ನೋಡಿದಳು. "ನೀವಿನ್ನೂ ಬಾಯಿಗೇ ಹಾಕಿಲ್ಲವಲ್ಲ ಸಾರ್" ಎಂದಳು.