ಮೂರು ದಾರದ ಕಾದಂಬರಿ

ಮುನ್ನೂರು ವರ್ಷಗಳನ್ನು ಅಂಕೆಯಲ್ಲಿಟ್ಟವನಿಗೆ ಹೆಂಡತಿಯ ನಾಲಗೆಯನ್ನು ಅಂಕೆಯಲ್ಲಿಡಲಾಗುವುದಿಲ್ಲ ಎಂಬುದೇ ನನ್ನ ದುಃಖ. ಕಾರವಾರದ ನಮ್ಮ ಮೀನುಗಾರರ ಕೇರಿಯಲ್ಲಿ ಮುಲ್ಕಿ ಪರೀಕ್ಷೆ ಪಾಸಾದವನು ನಾನೊಬ್ಬನೇ. (ಉಳಿದವರು ಬಲೆ ಬೀಸುತ್ತಾರೆ, ಪಾಪ.) ಶಾಲಾ ಮಾಸ್ತರನಾದ ನಾನು ಕಾಲದಲ್ಲಿ ಮುನ್ನೂರು ವರ್ಷ ಹಿಂದೆ ಮುಂದೆ ಓಡಾಡುವ ವೀರನೊಬ್ಬನ ಕಾದಂಬರಿ ಬರೆಯುತ್ತಿದ್ದೆ. ಅಂಥದಕ್ಕೆ ಶಿಸ್ತು ಬೇಕು. ಹಿಂದಿನ ಕಾಲದ ಹಾಳೆಗಳಿಗೆ ಕೆಂಪು ದಾರ, ಈಗಿನವಕ್ಕೆ ಬಿಳಿ, ಮುಂದಿನವಕ್ಕೆ ನೀಲಿ. ವೀರನು ಯಾವ ಶತಮಾನದಲ್ಲಿ ಉಂಡು ಯಾವ ಶತಮಾನದಲ್ಲಿ ಕೈ ತೊಳೆದನೆಂಬುದಕ್ಕೂ ಚೀಟಿಯಿತ್ತು.

ನನ್ನ ಹೆಂಡತಿ ಹೊನ್ನಿಗೆ ಅಕ್ಷರ ಬಾರದು. ಬಾಯಿ ಬರುತ್ತದೆ. ಒಂದು ದಿನ ಬಂಗಡೆ ಕೊಯ್ಯುತ್ತ ಕೇಳಿದಳು:

"ನಿಮ್ಮ ವೀರ ಸದಾಶಿವಗಡಕ್ಕೆ ಯಾವಾಗ ಹೋಗೂದು?"

"ಹುಣ್ಣಿಮೆ ಸಂಜೆ. ತುಂಬಿದ ಕಾಳಿ ನದಿಯನ್ನು ದೋಣಿಯಲ್ಲಿ ದಾಟಿ."

"ಹುಣ್ಣಿಮೆ ಸಂಜಿಗೆ ಸುಕ್ತಿ ಅಲ್ದಾ? ನೀರೆಲ್ಲ ಸಮುದ್ರಕ್ಕೆ ಇಳ್ದಿರ್ತದೆ. ದೋಣಿ ಕೆಸರ ಮೇಲೆ ಹೋಗೂದಾ?"

"ಅದು ಮುನ್ನೂರು ವರ್ಷದ ಹಿಂದಿನ ಕಥೆ."

"ಆಗ ಚಂದ್ರ ಬೇರೆ ಇದ್ನಾ?"

ಸುಕ್ತಿಯಲ್ಲಿ ಕೆಸರು ಬಗೆದು ಬೆಳಚಿನ ಚಿಪ್ಪು ಹೆಕ್ಕುವವಳ ಜೊತೆ ಸಾಹಿತ್ಯ ಚರ್ಚೆ ಬೇಡವೆಂದು ಕೆಂಪು ದಾರದ ಗಂಟು ಬಿಗಿದೆ.

ಮುಂಬಯಿಯಲ್ಲಿ ಛಾಪಖಾನೆಯಿದ್ದ ಶಾಂತಾರಾಮರಾಯರು ಆಗ ಸದಾಶಿವಗಡದ ಮಾವನ ಮನೆಗೆ ಬಂದಿದ್ದರು. ಸೋಮವಾರ ಸಂಜೆ ಆರಕ್ಕೆ ಗೋವೆಯ ಮೋಟಾರು ಹತ್ತುವುದರೊಳಗೆ ತಂದರೆ ಓದುತ್ತೇನೆ ಎಂದಿದ್ದರು. ಆರು ವರ್ಷದ ತಪಸ್ಸಿಗೆ ಅದೊಂದೇ ಬಾಗಿಲು. ಆ ದಿನ ಚೀಟಿ ಜೋಡಿಸುತ್ತ ಕೂತು ಕಡವಿನ ದೋಣಿ ತಪ್ಪಿಸಿಕೊಂಡೆ. ಭಾವನ ಪಾತಿ ದೋಣಿ ಎಳೆದು ನಾನೇ ಹುಟ್ಟು ಹಾಕಿದೆ. ತಾರೀಖು ನೋಡಿದ್ದೆ, ತಿಥಿ ನೋಡಿರಲಿಲ್ಲ.

ಆಚೆ ದಡ ಕೈಗೆಟಕುವಂತಿದ್ದಾಗ ದೋಣಿ ಕೆಸರಲ್ಲಿ ಕೂತಿತು. ಇಳಿದೆ. ತೊಡೆವರೆಗೆ ನಾನೂ ಕೂತೆ. ಸುತ್ತ, ಕಡವಿನ ದೋಣಿಯಲ್ಲಿ ಮೊದಲೇ ದಾಟಿ ಬಂದು ಬೆಳಚು ಹೆಕ್ಕುತ್ತಿದ್ದ ನಮ್ಮ ಕೇರಿಯ ಹೆಂಗಸರು. ಅವರ ನಡುವಿನಿಂದ ಹೊನ್ನಿ ಬುಟ್ಟಿ ಹಿಡಿದು ನಿಧಾನವಾಗಿ ಬಂದಳು.

"ಇವತ್ತು ಹುಣ್ಣಿಮೆ. ಇದು ಯಾವ ದಾರ, ಕೆಂಪಾ ಬಿಳಿಯಾ?"

ಎದೆಗವಚಿಕೊಂಡಿದ್ದ ಕಾದಂಬರಿಯ ಕಟ್ಟುಗಳನ್ನು ಅವಳತ್ತ ಚಾಚಿದೆ. ನಾಚಿಕೆಯಾಗಿತ್ತು. ಅವಳು ಮೂರೂ ಕಟ್ಟುಗಳನ್ನು ಬೆಳಚಿನ ಮೇಲಿಟ್ಟು, ಗಟ್ಟಿ ಮರಳು ಎಲ್ಲಿದೆಯೆಂದು ಕಾಲಲ್ಲೇ ತಿಳಿಯುತ್ತ ರಾಯರಿದ್ದ ದಡಕ್ಕೆ ನಡೆದಳು. ನಾನು ನೀರೇರುವ ಭರತಿಗಾಗಿ ಕಾದೆ.

ತಿಂಗಳಾದ ಮೇಲೆ ಕಾದಂಬರಿ ರಾಯರ ಕಾಗದದೊಂದಿಗೆ ಹಿಂದೆ ಬಂತು. "ಅಚ್ಚು ಹಾಕುತ್ತೇನೆ. ಆದರೆ ನಿಮ್ಮ ವೀರ ನೀರಿಲ್ಲದಲ್ಲಿ ದೋಣಿ ನಡೆಸುತ್ತಾನೆಂದು ನಿಮ್ಮ ಮನೆಯವರು ಅಂದು ಕಟ್ಟು ತಂದುಕೊಟ್ಟಾಗ ಹೇಳಿದರು. ಅವರು ಕೇಳಿ ಸರಿ ಎಂದ ಮೇಲೆ ಕಳಿಸಿ."

ಈಗ ದಿನವೂ ಶಾಲೆ ಬಿಟ್ಟೊಡನೆ, ಮುಲ್ಕಿ ಪಾಸಾದ ನಾನು ಒಲೆಯ ಮುಂದೆ ಕೂತು ಓದುತ್ತೇನೆ. ಅವಳು ಮೀನು ಕೊಯ್ಯುತ್ತ ಪ್ರಕರಣಗಳನ್ನೂ ಕೊಯ್ಯುತ್ತಾಳೆ. ನಿನ್ನೆ ಭವಿಷ್ಯವನ್ನು ಪೂರ್ತಿ ತೆಗೆಸಿದಳು.

"ಸಂಜಿ ಸುಕ್ತಿ ಗೊತ್ತಿಲ್ದವ್ರು ಮುನ್ನೂರು ವರ್ಷ ಮುಂದಿಂದು ಬರೂದೆಂತಕೆ?"

ನೀಲಿ ದಾರದಲ್ಲಿ ಈಗ ಒಣಮೀನು ನೇತಾಡುತ್ತಿದೆ.