ಮಾಮಾ ಹೂಡಿದ ಸಂಸಾರಗಳು

ನಮ್ಮ ಸೋದರಮಾವ ಈವರೆಗೆ ಒಂದೂ ಖಾಲಿ ಮನೆ ಮಾರಿದವನಲ್ಲ. ಅವನು ಮಾರಿದ್ದೆಲ್ಲ ತುಂಬಿದ ಮನೆಗಳೇ. ಯಾರ ಸಾಮಾನಿನಿಂದ ತುಂಬಿದ್ದು ಎಂದು ಮಾತ್ರ ಕೇಳಬಾರದು!

ಚಿಕ್ಕೋಡಿಯಿಂದ ಕಾಗವಾಡದವರೆಗೆ ಮನೆ ಮಾರಿಸಿಕೊಡುವುದು ಮಾಮಾನ ಕಸುಬು. ಉಳಿದ ದಲ್ಲಾಳಿಗಳು ಬೀಗ ತೆಗೆದು, ಜೇಡರ ಬಲೆ ಸರಿಸಿ, "ನೋಡ್ರಿ" ಎಂದು ಪಕ್ಕಕ್ಕೆ ನಿಂತುಬಿಡುತ್ತಾರೆ. ಮಾಮಾ ಹಾಗಲ್ಲ. ಗಿರಾಕಿ ಬರುವ ಹಿಂದಿನ ದಿನ ಊರೆಲ್ಲ ಅಲೆದು ಕಾಟು, ಹಿತ್ತಾಳೆ ಕೊಡ, ಜೋಳದ ಚೀಲ, ಗೋಡೆಗೆ ಯಾರದೋ ಅಜ್ಜನ ಫೋಟೋ ಎಲ್ಲ ಕೇಳಿ ತಂದು, ಅಲ್ಲೊಂದು ಸಂಸಾರವನ್ನೇ ಹೂಡುತ್ತಾನೆ. ಒಲೆಯ ಮೇಲೆ ಚಹಾ ಕುದಿಯುತ್ತಿರಬೇಕು. ಹಗ್ಗದ ಮೇಲೆ ಒದ್ದೆ ಸೀರೆ ಹಾರಾಡುತ್ತಿರಬೇಕು. ಸೀರೆ ಒಣಗಿದರೆ ಮತ್ತೊಮ್ಮೆ ನೀರು ಚಿಮುಕಿಸುತ್ತಾನೆ!

"ಖಾಲಿ ಮನ್ಯಾಗ ಗಿರಾಕಿಗೆ ಬರೇ ಗ್ವಾಡಿ ಬಿರುಕು ಕಾಣ್ತಾವು" ಎನ್ನುವುದು ಅವನ ಸಿದ್ಧಾಂತ. "ಅಲ್ಲೊಂದು ಕಾಟ್ ಹಾಕು. ತಾನ ಅದರ ಮ್ಯಾಲ ಮಲಕೊಂಡಂಗ ಅವಗ ಕಾಣಾಕ ಹತ್ತತೈತಿ. ಆಮ್ಯಾಲ ಬಿರುಕು ಯಾವ ನೋಡ್ತಾನಲೇ?"

ಸಿದ್ಧಾಂತ ಒಮ್ಮೊಮ್ಮೆ ಮಿತಿಮೀರುವುದೂ ಉಂಟು. ಐನಾಪುರದಲ್ಲಿ ಯಾರೂ ಕೇಳದೆ ಬಿದ್ದಿದ್ದ ಒಂದು ಮನೆಯ ಅಂಗಳದಲ್ಲಿ ಮಾಮಾ ಎದುರುಮನೆಯವರ ಎಮ್ಮೆ ಕಟ್ಟಿಸಿದ. ಗಿರಾಕಿ ಬಂದವನು ಒಳಗೆ ಕಾಲಿಡಲೇ ಇಲ್ಲ! ಎಮ್ಮೆಯ ಬೆನ್ನು ಸವರಿದ, ಹಲ್ಲು ನೋಡಿದ, ಸುತ್ತ ಎರಡು ಪ್ರದಕ್ಷಿಣೆ ಹಾಕಿದ.

"ಮನಿ ನೋಡ್ಬರ್ರಿ" ಎಂದ ಮಾಮಾ.

"ಮನಿ ಎಲ್ಲಿ ಓಡಿ ಹೋಗ್ತೈತಿ ಬಿಡ್ರಿ. ಇದು ಎಷ್ಟನೇ ಸೂಲು?"

ಅಂದು ಎಮ್ಮೆ ಮಾರಾಟವಾಯಿತು. ಮನೆ ಇನ್ನೂ ಅಲ್ಲೇ ಇದೆ.

ಅಥಣಿಯ ಕಥೆ ಬೇರೆ. ಅಲ್ಲಿ ಗಿರಾಕಿ ನಡುಮನೆಯಲ್ಲಿ ನಿಂತು ಗೋಡೆಯ ಗಡಿಯಾರವನ್ನೇ ದಿಟ್ಟಿಸತೊಡಗಿದ. "ಇದು ನನ್ನ ಹೆಂಡತಿ ತವರಮನಿ ಗಡಿಯಾರ ಇದ್ದಂಗ ಐತೆಲ್ರಿ?"

ಇದ್ದಂಗೇನು, ಅದೇ! ಹಿಂದಿನ ಸಂಜೆ ಮಾಮಾ ಗೊತ್ತಿಲ್ಲದೆ ಆ ಮನೆಯಿಂದಲೇ ಕೇಳಿ ತಂದಿದ್ದ. ಬೇರೆಯವರಾಗಿದ್ದರೆ ಬೆವರುತ್ತಿದ್ದರು. ಮಾಮಾ ನಕ್ಕುಬಿಟ್ಟ. "ಹೌದ್ರಿ! ನಿಮ್ಮ ಗಡಿಯಾರ ಮೊದಲ ಬಂದು ಕುಂತೈತಿ. ನೀವು ಬರೂದಷ್ಟ ಬಾಕಿ!"

ವ್ಯವಹಾರ ನಿಂತ ನಿಲುವಿನಲ್ಲೇ ಮುಗಿಯಿತು.

ಇಂಥವನ ಕೈಗೆ ನಿಪ್ಪಾಣಿಯ ನಮ್ಮ ಮನೆ ಒಪ್ಪಿಸಿದ ನನಗೆ ಬುದ್ಧಿ ಇತ್ತೇ? ಅವ್ವ ತೀರಿಕೊಂಡ ಮೇಲೆ ಅದಕ್ಕೆ ಬೀಗ ಬಿದ್ದಿತ್ತು. ಒಂದೂರಿನಲ್ಲಿ ಎರಡು ವರ್ಷ ನಿಲ್ಲದ ನಾನು ಆಗಾಗ ಬಂದು ಬೀಗ ತೆಗೆಯುತ್ತಿದ್ದೆ. ಖಾಲಿ ಕೋಣೆ ನೋಡಿದಷ್ಟೂ ತುಂಬಿದ ಕೋಣೆ ತಲೆಯಿಂದ ಅಳಿಸಿಹೋಗುತ್ತಿತ್ತು. ಅವ್ವ ಕಾಳು ಹಸನು ಮಾಡಲು ಕೂರುತ್ತಿದ್ದದ್ದು ಕಿಟಕಿಯ ಹತ್ತಿರವೋ, ಬಾಗಿಲ ಹತ್ತಿರವೋ? ಸಾಕ್ಷ್ಯವಿಲ್ಲದೆ ಏನನ್ನೂ ನಂಬಬಾರದೆಂದು ವಿಶ್ವವಿದ್ಯಾಲಯದಲ್ಲಿ ಕಲಿತು ಬಂದವನಿಗೆ ಹೆತ್ತ ತಾಯಿಯ ಬಗ್ಗೆಯೇ ಸಾಕ್ಷ್ಯ ಸಾಲದಾಗಿತ್ತು! ಉಳಿದಷ್ಟು ನೆನಪಾದರೂ ಉಳಿಯಲಿ ಎಂದೇ ಮನೆ ಮಾರಲು ಹೊರಟೆ.

"ಒಂದ ಮಾತು ಮಾಮಾ. ನಮ್ಮ ಮನ್ಯಾಗ ನಿನ್ನ ಆಟ ಬ್ಯಾಡ. ಇದ್ದದ್ದು ಯಾವುದು, ನೀ ತಂದದ್ದು ಯಾವುದು, ನನಗ ಕಲಸಿ ಹೋಗ್ತೈತಿ."

"ಹೂನಪಾ" ಎಂದ. ಅಷ್ಟು ಸುಲಭಕ್ಕೆ ಒಪ್ಪಿದಾಗಲೇ ನನಗೆ ಸಂಶಯ ಬರಬೇಕಿತ್ತು!

ಗಿರಾಕಿಗಳು ಬರುವ ದಿನ ನಾನು ಹೋದರೆ ಮನೆ ತುಂಬಿ ನಿಂತಿದೆ. ಬಾಗಿಲಲ್ಲಿ ರಂಗೋಲಿ, ಒಳಗೆ ಒಗ್ಗರಣೆಯ ವಾಸನೆ. ನಡುಮನೆಯ ತೊಲೆಗೆ ಸರಪಳಿ ಬಿಗಿದು ಒಂದು ತೂಗುಮಂಚ! ಶೇಡಬಾಳದಿಂದ ಟೆಂಪೋದಲ್ಲಿ ಹೇರಿ ತಂದದ್ದಂತೆ. ಸಿಟ್ಟಿನಿಂದ ಬಾಯಿ ತೆರೆಯುವಷ್ಟರಲ್ಲಿ ಗಂಡಹೆಂಡತಿ ಗಿರಾಕಿಗಳು ಬಂದೇಬಿಟ್ಟರು. ಆಕೆ ನೇರ ಹೋಗಿ ಮಂಚದ ಮೇಲೆ ಕೂತು, ಹೆಬ್ಬೆರಳಿನಿಂದ ನೆಲ ಒತ್ತಿ ತೂಗಿಕೊಂಡರು. ಏಳಲೇ ಇಲ್ಲ.

"ಇದೂ ಮನಿ ಜೊತಿ ಬರ್ತೈತೇನ್ರಿ?"

"ಇಲ್ರಿ ಅಕ್ಕಾರ, ಇದಷ್ಟು ಬರಂಗಿಲ್ಲ." ಮಾಮಾ ಗಿರಾಕಿಗೆ ಇಲ್ಲ ಎಂದದ್ದನ್ನು ಅಂದೇ ಮೊದಲು ಕೇಳಿದೆ. ಆದರೂ ಮನೆ ಹೋಯಿತು.

ನಾನು ಹೆದರಿದ್ದೇ ಆಯಿತು. ಈಗ ಕಣ್ಣು ಮುಚ್ಚಿದರೆ ಕಿಟಕಿಯೂ ಇಲ್ಲ, ಬಾಗಿಲೂ ಇಲ್ಲ. ಅವ್ವ ಮೊರ ತೊಡೆಯ ಮೇಲಿಟ್ಟುಕೊಂಡು ತೂಗುಮಂಚದ ಮೇಲೆ ಕೂತಿದ್ದಾಳೆ. ಸರಪಳಿ ಕಿರ್ರೆನ್ನುವುದೂ ಕೇಳುತ್ತದೆ. ಎಷ್ಟು ಸ್ಪಷ್ಟ! ನಮ್ಮ ಮನೆಯಲ್ಲಿ ತೂಗುಮಂಚ ಇರಲೇ ಇಲ್ಲವಲ್ಲ!

ಮೊನ್ನೆ ಫೋನು ಮಾಡಿ ಜಗಳಕ್ಕೇ ನಿಂತೆ. "ಮಾಮಾ, ನೀ ಮಾಡಿದ್ದು ನೋಡು! ಅವ್ವ ಮಂಚದ ಮ್ಯಾಲ ಹತ್ತಿ ಕುಂತಾಳ. ಎಷ್ಟ ಹೊತ್ತಾದ್ರೂ ಇಳಿಯಾಕ ಒಲ್ಲಳು."



"ಕುಂದರಲಿ ಬಿಡೋ" ಎಂದ ಮಾಮಾ. "ಆ ಮನಿಗೆ ಕಾಲಿಟ್ಟಾಗಿಂದ ಅಕ್ಕ ಒಂದು ತೂಗುಮಂಚ ಕೇಳ್ತಿದ್ಲು. ತೊಲಿ ತಡಿಯಂಗಿಲ್ಲ ಅಂತ ನಿಮ್ಮಪ್ಪ ಕಡೀತನಕ ಹಾಕಿಸಲಿಲ್ಲ."

ಅವನೇ ಮುಂದುವರಿಸಿದ.

"ತಡೀತಲೇ ತಮ್ಮಾ. ಮೊದಲ ನಾನ ಕುಂತು ನೋಡಿದ್ನಿ."