ನಮ್ಮ ಮನೆಯಡಿಯಲ್ಲಿ ಏಷ್ಯಾದ ಉಂಗುರ

ಇಡೀ ಏಷ್ಯಾ ಖಂಡವನ್ನು ಒಂದುಗೂಡಿಸಲು ಹೊರಟಿದ್ದ ನಮ್ಮ ಚಿಕ್ಕಪ್ಪ, ಪಕ್ಕದ ಬೀದಿಯಲ್ಲಿದ್ದ ನಮ್ಮ ಮನೆಗೆ ಮಾತ್ರ ಏಳು ವರ್ಷದಿಂದ ಕಾಲಿಟ್ಟಿರಲಿಲ್ಲ!

ಅದು ಎಂಬತ್ತರ ದಶಕ. ಅಣುವಿನ ಒಳಗೇನಿದೆ ಎಂದು ನೋಡಲು ಯುರೋಪಿನ ದೇಶಗಳು ಒಟ್ಟಾಗಿ ನೆಲದಡಿಯಲ್ಲಿ ಮೈಲಿಗಟ್ಟಲೆ ಉದ್ದದ, ಉಂಗುರದಂಥ ಸುರಂಗ ತೋಡುತ್ತಿವೆ ಎಂದು ತಮಿಳುನಾಡಿನ ನಮ್ಮೂರು ಸಿರುಮುಗೈಯ ಕ್ಷೌರದಂಗಡಿಯ ರೇಡಿಯೋ ಹೇಳಿತು. ಚಿಕ್ಕಪ್ಪ ಅರ್ಧ ಗಡ್ಡದಲ್ಲೇ ಎದ್ದು ಬಂದರು. ಏಷ್ಯಾಕ್ಕೂ ಅಂಥದ್ದೊಂದು ಬೇಕು, ಅದು ಸಿರುಮುಗೈಯಲ್ಲೇ ಆಗಬೇಕು! ರೇಷ್ಮೆ ಸೀರೆ ನೇಯುವವರಿಗೆ ಅಣುವಿನ ಗೊಡವೆ ಏಕೆ ಎಂದವರಿಗೆಲ್ಲ ಒಂದೇ ಉತ್ತರ.

"ಸೀರೆಯ ಉದ್ದ ನೂಲಿನ ಹಾಸು ಮನೆಯೊಳಗೆ ಹಿಡಿಯಲ್ಲ ಅಂತ ತಾನೆ ಬೀದೀಲಿ ಎಳೆಯೋದು? ಎಲ್ಲಾ ಮನೆಯವರೂ ಬಂದು ಹಿಡೀತಾರಲ್ಲ. ಇದು ಒಂದು ದೇಶದೊಳಗೆ ಹಿಡಿಯಲ್ಲ, ಅಷ್ಟೆ."

ಊರಿನ ನಕಾಶೆಯ ಮೇಲೆ ಊಟದ ತಟ್ಟೆ ಮಗುಚಿ ಗೆರೆ ಎಳೆದರು. ಭವಾನಿ ನದಿ ಅಡ್ಡ ಬಂತು. ಅದರ ಅಡಿಯಲ್ಲಿ ಹೋದರಾಯಿತು! ಗೆರೆ ಹಾದ ಮನೆಮನೆಗೂ ಹೋಗಿ, ಸುರಂಗಕ್ಕೆ ತಮ್ಮ ಅಡ್ಡಿಯಿಲ್ಲವೆಂದು ತಮಿಳಿನಲ್ಲಿ ಬರೆಸಿ ಸಹಿ ಪಡೆದರು. ಮಧ್ಯಾಹ್ನ ಮಲಗುವಾಗ ಕೆಳಗಿಂದ ಸದ್ದು ಬರಬಾರದೆಂದು ಒಬ್ಬ ಅಜ್ಜಿ ಷರತ್ತು ಹಾಕಿದರು, ಅದನ್ನೂ ಬರೆದುಕೊಂಡರು. ಚೀನಾ, ಜಪಾನುಗಳನ್ನು ಆಮೇಲೆ ಒಪ್ಪಿಸಬಹುದು, ಮೊದಲು ಸಿರುಮುಗೈ ಒಪ್ಪಲಿ ಎಂಬುದು ಅವರ ಹಟ.

ಉಳಿದದ್ದು ಒಂದೇ ಮನೆ, ನಮ್ಮದು. ಆ ಸಹಿ ಸಿಗದೆ ಉಂಗುರ ಕೂಡುವುದು ಹೇಗೆ? ಏಳು ವರ್ಷದ ಹಿಂದೆ ಚಿಕ್ಕಪ್ಪನ ಹಾಸು ಹಿಡಿಯಲು ಎರಡೂ ಬೀದಿಯವರು ಬಂದಿದ್ದರು, ನಮ್ಮಪ್ಪ ಒಬ್ಬರೇ ಹೋಗಿರಲಿಲ್ಲ. ಅಂದಿನಿಂದ ಅಣ್ಣತಮ್ಮಂದಿರಿಗೆ ಮಾತಿಲ್ಲ. ತಟ್ಟೆಯನ್ನು ಎರಡು ಬೆರಳು ಸರಿಸಿದರಾಗದೇ ಎಂದು ಚಿಕ್ಕಮ್ಮ ಕೇಳಿದರಂತೆ. ವಿಜ್ಞಾನದಲ್ಲಿ ಹಾಗೆಲ್ಲ ಸರಿಸುವಂತಿಲ್ಲ ಎಂದರಂತೆ ಚಿಕ್ಕಪ್ಪ!

ಒಂದು ಬೆಳಿಗ್ಗೆ ಬಂದೇಬಿಟ್ಟರು. ಅಪ್ಪನ ಮುಖ ನೋಡದೆ ನಕಾಶೆಯನ್ನು ನನ್ನ ಕೈಗಿತ್ತರು. ಬಿಡಿಸಿ ನೋಡಿದರೆ, ರಬ್ಬರಿನಿಂದ ಅಳಿಸಿದ ಉಂಗುರಗಳೇ ನಾಲ್ಕೈದು! ಅವುಗಳಲ್ಲಿ ಒಂದೂ ನಮ್ಮ ಮನೆಯ ಹತ್ತಿರ ಸುಳಿದಿರಲಿಲ್ಲ. ಕೊನೆಯದೊಂದು ಮಾತ್ರ ನೇರ ನಮ್ಮ ಮನೆಯ ಮೇಲೇ ಹಾದಿತ್ತು. ಅಷ್ಟು ಹೊತ್ತು ನಗು ತಡೆದುಕೊಂಡಿದ್ದ ನನಗೆ ಅಳು ಬಂತು.

ಅಪ್ಪನೂ ಆ ಅಳಿಸಿದ ಗೆರೆಗಳನ್ನು ಬಹಳ ಹೊತ್ತು ನೋಡಿದರು. ಆಮೇಲೆ ಸಹಿ ಹಾಕಿದರು.

"ನೆಲದಡೀಲಿ ಯಾವಾಗ ಬೇಕಾದ್ರೂ ಹೋಗು ತಂಬಿ. ಈಗ ಮೇಲೆ ಬಂದಿದೀಯ, ಇಡ್ಲಿ ತಿಂದ್ಕೊಂಡು ಹೋಗು. ನಾಳೆ ನಿನ್ನ ಹಾಸು ಇದೆಯಂತಲ್ಲ, ಒಂದು ತುದಿ ನಾನು ಹಿಡೀತೀನಿ."

ಚಿಕ್ಕಪ್ಪ ಕುಳಿತು ಇಡ್ಲಿ ಮುರಿದರು, ಆದರೆ ಬಾಯಿಗಿಡಲಿಲ್ಲ.

"ಇನ್ನು ಚೀನಾ, ಜಪಾನ್ ಅಷ್ಟೇ ಬಾಕಿ ಅಣ್ಣಾ," ಎಂದರು.